ಸರ್ಕಾರಿ ಕಟ್ಟಡದ ನಕ್ಷೆಗೆ ಯಾರ ಒಪ್ಪಿಗೆ?

ಮಗಳೇ,

ಸರ್ಕಾರಿ ಕಟ್ಟಡಗಳ ನಕ್ಷೆ ಮಾಡುವ ಆಫೀಸಿನಲ್ಲಿ ನಿನಗೆ ಕೆಲಸವಾಯಿತೆಂದು ಕೇಳಿ ತುಂಬ ಸಂತೋಷವಾಯಿತು. ಊರಿನಿಂದ ಮುಂಬಯಿಗೆ ಬಂದ ನಮ್ಮ ಮನೆತನದವರೆಲ್ಲ ಹೋಟೆಲು ಹಿಡಿದರು, ಬ್ಯಾಂಕು ಸೇರಿದರು. ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತವನು ನಾನೊಬ್ಬನೇ, ಈಗ ನೀನು. ನಾನು ಡ್ರಾಫ್ಟ್ಸ್‌ಮನ್ ಆಗಿ ಸೇರಿ, ನಕ್ಷೆಯ ಸುರುಳಿ ಕಂಕುಳಲ್ಲಿಟ್ಟುಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುವವನಾಗಿ ನಿವೃತ್ತನಾದೆ. ನೀನು ಆರ್ಕಿಟೆಕ್ಟ್ ಆಗಿಯೇ ಸೇರಿದ್ದೀಯ, ನಿನ್ನ ಸಹಿಗೆ ಬೆಲೆ ಇದೆ. ಅದಕ್ಕೇ ಈ ಮಾತು.

ಫೋನಿನಲ್ಲಿ ನೀನು ಕೇಳಿದ್ದೆ: "ದೊಡ್ಡಪ್ಪ, ಸರ್ಕಾರಿ ಕಟ್ಟಡದ ಪ್ಲಾನ್ ಪಾಸ್ ಮಾಡಬೇಕಾದವರು ಯಾರು? ಅದಕ್ಕೆ ಮಹಾನಗರಪಾಲಿಕೆಯ ಅನುಮತಿ ಬೇಡ ಅಂತ ನಮ್ಮ ಸೀನಿಯರ್ ಒಬ್ಬರು ಹೇಳಿದರು." ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಮಾತು ಅದು, ಮತ್ತು ಈ ಊರಿನ ಎಷ್ಟೋ ಸರ್ಕಾರಿ ಕಟ್ಟಡಗಳ ಎಡವಟ್ಟುಗಳೆಲ್ಲ ಆ ಅರ್ಧ ಮಾತಿನಿಂದಲೇ ಶುರುವಾಗುತ್ತವೆ. ಉಳಿದರ್ಧವನ್ನು ನಾನು ಹೇಳುತ್ತೇನೆ, ಸಾವಧಾನವಾಗಿ ಓದು.

ಮುಂಬಯಿಯಲ್ಲಿ ಖಾಸಗಿಯವರು ಕಟ್ಟುವ ದಾರಿ ನಿನಗೆ ಕಾಲೇಜಿನಲ್ಲೇ ಗೊತ್ತಾಗಿದೆ. ಮಹಾರಾಷ್ಟ್ರದ 1966ರ ನಗರ ಯೋಜನಾ ಕಾಯ್ದೆ, ಎಲ್ಲರೂ ಎಂಆರ್‌ಟಿಪಿ ಎನ್ನುತ್ತಾರಲ್ಲ, ಅದರ 44ನೇ ಕಲಮಿನಂತೆ ಅರ್ಜಿ. 1888ರ ಮುನಿಸಿಪಲ್ ಕಾಯ್ದೆಯ 346ನೇ ಕಲಮಿನಂತೆ ಐಒಡಿ ಎಂಬ ಷರತ್ತಿನ ಪತ್ರ. ಆಮೇಲೆ ಕೆಲಸ ಶುರು ಮಾಡಲು ಸಿಸಿ, ಕೊನೆಗೆ ವಾಸಕ್ಕೆ ಒಸಿ. ಬಿಲ್ಡರನಿಗೆ ಈ ಮೂರು ಕಾಗದ ಸಿಕ್ಕಿದರೆ ಜನ್ಮ ಸಾರ್ಥಕ. ಸರ್ಕಾರಕ್ಕೆ ದಾರಿ ಬೇರೆ. ಎಂಆರ್‌ಟಿಪಿ ಕಾಯ್ದೆಯ 58ನೇ ಕಲಮು ಅದು. ಅದನ್ನು ನೀನು ಬಾಯಿಪಾಠ ಮಾಡಬೇಕು.

ಆ ಕಲಮು ಹೇಳುವುದು ಇಷ್ಟು. ಯಾವುದೇ ಸರ್ಕಾರ ತನ್ನ ಇಲಾಖೆಗೋ ಕಚೇರಿಗೋ ಪ್ರಾಧಿಕಾರಕ್ಕೋ ಕಟ್ಟಡ ಕಟ್ಟಬೇಕೆಂದಿದ್ದರೆ, ಅದರ ಹೊಣೆ ಹೊತ್ತ ಅಧಿಕಾರಿ ಯೋಜನಾ ಪ್ರಾಧಿಕಾರಕ್ಕೆ ಲಿಖಿತವಾಗಿ ತಿಳಿಸಬೇಕು. ನಕ್ಷೆ, ವಿವರ, ದಾಖಲೆ ಎಲ್ಲ ಜೊತೆಗಿರಬೇಕು. ಕೆಲಸ ಶುರುವಾಗುವುದಕ್ಕೆ ಕನಿಷ್ಠ 30 ದಿನ ಮೊದಲು ಇದು ಆಗಬೇಕು. ನಗರದ ಅಭಿವೃದ್ಧಿ ಯೋಜನೆಗೋ ಕಟ್ಟಡ ನಿಯಮಕ್ಕೋ ಇದು ಹೊಂದುತ್ತಿಲ್ಲ ಎಂದು ಪ್ರಾಧಿಕಾರ ಆಕ್ಷೇಪ ಎತ್ತಿದರೆ ಅಧಿಕಾರಿಗೆ ಇರುವುದು ಎರಡೇ ದಾರಿ: ನಕ್ಷೆ ತಿದ್ದಬೇಕು, ಇಲ್ಲವೇ ತನ್ನ ನಕ್ಷೆಯನ್ನೂ ಆ ಆಕ್ಷೇಪವನ್ನೂ ಒಟ್ಟಿಗೆ ರಾಜ್ಯ ಸರ್ಕಾರಕ್ಕೆ ಕಳಿಸಬೇಕು. ರಾಜ್ಯ ಸರ್ಕಾರ ನಗರ ಯೋಜನಾ ನಿರ್ದೇಶಕರೊಡನೆ ಸಮಾಲೋಚಿಸಿ ಕೊನೆಯ ತೀರ್ಮಾನ ಕೊಡುತ್ತದೆ. ನಿರ್ದೇಶಕರ ಕಚೇರಿ ಪುಣೆಯಲ್ಲಿದೆ.

ಅಂದರೆ ಸರ್ಕಾರಕ್ಕೆ ಅನುಮತಿ ಕೇಳುವ ಹಂಗಿಲ್ಲ, ಆದರೆ ಹೇಳದೆ ಕಟ್ಟುವ ಹಕ್ಕೂ ಇಲ್ಲ. ನಿನ್ನ ಸೀನಿಯರ್ ಬಿಟ್ಟ ಅರ್ಧ ಇದೇ.

ಇದು 1966ರಲ್ಲಿ ಹುಟ್ಟಿದ ವಿಚಾರವೂ ಅಲ್ಲ. ಬ್ರಿಟಿಷರ ಕಾಲದಲ್ಲಿ, 1899ರಲ್ಲಿ, ಸರ್ಕಾರಿ ಕಟ್ಟಡಗಳ ಕಾಯ್ದೆ ಎಂದೇ ಒಂದು ಕಾಯ್ದೆ ಬಂತು. ಊರೂರಿನ ಮುನಿಸಿಪಾಲಿಟಿಗಳಿಗೆ ಆಗಷ್ಟೇ ಕಟ್ಟಡ ನಿಯಮ ಮಾಡುವ ಬಲ ಬರುತ್ತಿದ್ದ ಕಾಲ. ದೊರೆಯ ಕಟ್ಟಡ ಪುರಸಭೆಯ ಓವರ್‌ಸಿಯರನ ಮುಂದೆ ನಿಲ್ಲಬೇಕೇ ಎಂದು ಅವರಿಗೆ ಇರುಸುಮುರುಸು. ಹಾಗಾಗಿ ಸಾರ್ವಜನಿಕ ಕೆಲಸಕ್ಕೆ ಬೇಕಾದ ಸರ್ಕಾರಿ ಕಟ್ಟಡಗಳಿಗೆ ಮುನಿಸಿಪಲ್ ಕಟ್ಟಡ ಕಾನೂನು ಅನ್ವಯಿಸದು ಎಂದು ಬರೆದುಕೊಂಡರು. ಅಲ್ಲಿಗೇ ಬಿಡಲಿಲ್ಲ. ಸೇನೆಯ ಅಥವಾ ಗುಟ್ಟಾಗಿಡಬೇಕಾದ ಕಟ್ಟಡ ಬಿಟ್ಟು ಉಳಿದೆಲ್ಲಕ್ಕೂ ಕೆಲಸ ಶುರು ಮಾಡುವ ಮೊದಲು ಮುನಿಸಿಪಾಲಿಟಿಗೆ ನೋಟಿಸು ಕೊಡಬೇಕು, ಅವರು ಬಂದು ಜಾಗ ಮತ್ತು ನಕ್ಷೆ ನೋಡಬಹುದು, ಆಕ್ಷೇಪ ಬರೆದು ಕಳಿಸಬಹುದು, ಸರ್ಕಾರ ಅದನ್ನು ಪರಿಗಣಿಸಿ ಆದೇಶ ಕೊಡಬೇಕು ಎಂದರು. ನನಗೆ ತುಂಬ ಹಿಡಿಸಿದ್ದು ಅದರ ಕೊನೆಯ ಷರತ್ತು: ಆಕ್ಷೇಪವನ್ನು ತಳ್ಳಿಹಾಕುವುದಾದರೆ ಸರ್ಕಾರ ಕಾರಣವನ್ನು ಬರೆದು ಕೊಡಬೇಕು. ಪರದೇಶದ ಸರ್ಕಾರ, ಮತ ಹಾಕುವ ಪ್ರಜೆಗಳಿಲ್ಲದ ಕಾಲ, ಆಗಲೂ ಕಾರಣ ಬರೆದು ಕೊಡಬೇಕು ಎಂಬ ಸಂಕೋಚ ಇತ್ತು. ಇವತ್ತಿನ ನಮ್ಮ ಸ್ವಂತ ಸರ್ಕಾರದ ಕಡತಗಳಲ್ಲಿ ಅಷ್ಟನ್ನು ಕೇಳುವುದು ಹೆಚ್ಚೇನಲ್ಲ ಎಂದು ನನ್ನ ನಂಬಿಕೆ.

ಆಕ್ಷೇಪ ಎತ್ತುವುದು ಪಾಲಿಕೆ, ತೀರ್ಪು ಕೊಡುವುದು ಕಟ್ಟಡ ಕಟ್ಟುವ ಸರ್ಕಾರವೇ. ಇದು ನ್ಯಾಯವೇ ಎಂದು ನೀನು ಕೇಳಬಹುದು. ನನಗೂ ಇದು ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಆಕ್ಷೇಪ ಕಾಗದದ ಮೇಲೆ ಬಂದರೆ ಅದಕ್ಕೊಂದು ಬಲ ಬರುತ್ತದೆ. ನಾಳೆ ಯಾರಾದರೂ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಆ ಕಾಗದ ಹೊರಗೆ ಬರುತ್ತದೆ, ಕೋರ್ಟಿಗೆ ಹೋದರೆ ನ್ಯಾಯಾಧೀಶರು ಅದನ್ನೇ ಮೊದಲು ಓದುತ್ತಾರೆ. ಆದ್ದರಿಂದ ಪಾಲಿಕೆಯಿಂದ ಆಕ್ಷೇಪ ಬಂತೆಂದು ನಿನ್ನ ಆಫೀಸಿನಲ್ಲಿ ಯಾರಾದರೂ ಮುಖ ಗಂಟು ಹಾಕಿಕೊಂಡರೆ ನೀನು ಹಾಕಿಕೊಳ್ಳಬೇಡ. ಆಕ್ಷೇಪ ಓದು. ಹತ್ತರಲ್ಲಿ ಆರು ಬರೀ ಗುಮಾಸ್ತಗಿರಿ ಇರಬಹುದು, ಉಳಿದ ನಾಲ್ಕರಲ್ಲಿ ನಿನಗೆ ಕಾಣದೆ ಹೋದದ್ದು ಇರುತ್ತದೆ.

ಸರ್ಕಾರಕ್ಕಿರುವ ಈ ರಿಯಾಯಿತಿಯ ಒಳಗೊಂದು ರಿಯಾಯಿತಿ ಇದೆ, ಕಾನೂನಿನ ಭಾಷೆಯಲ್ಲಿ ಆಪರೇಷನಲ್ ಕನ್‌ಸ್ಟ್ರಕ್ಷನ್. ರೈಲ್ವೆ, ಬಂದರು, ವಿಮಾನ ನಿಲ್ದಾಣ, ರಾಷ್ಟ್ರೀಯ ಹೆದ್ದಾರಿ ಇಂಥವು ನಡೆಯಲಿಕ್ಕೇ ಬೇಕಾದ ಕಟ್ಟಡಗಳಿಗೆ 58ನೇ ಕಲಮಿನ ನೋಟಿಸೂ ಬೇಡ. ಪ್ಲಾಟ್‌ಫಾರ್ಮಿಗೆ, ಸಿಗ್ನಲ್ ಕ್ಯಾಬಿನ್ನಿಗೆ ರೈಲ್ವೆಯವರು ಪಾಲಿಕೆಯನ್ನು ಕೇಳುವುದಿಲ್ಲ. ಆದರೆ ರೈಲ್ವೆ ಕಾಲನಿಯ ಹೊಸ ವಸತಿ, ಆಸ್ಪತ್ರೆ, ಶಾಲೆ, ಕ್ಲಬ್ಬು ಈ ವಿನಾಯಿತಿಯಲ್ಲಿ ಬರುವುದಿಲ್ಲ. ರೈಲ್ವೆ ಜಾಗ ಅಂದ ಕೂಡಲೇ ಎಲ್ಲ ಮಾಫಿ ಎಂದು ತಿಳಿಯುವವರು ಬಹಳ. ಹಾಗೆಯೇ ನಿಗಮ, ಮಂಡಳಿ, ನೌಕರರ ಹೌಸಿಂಗ್ ಸೊಸೈಟಿ, ಸರ್ಕಾರಿ ಜಾಗದಲ್ಲಿ ಲೀಸಿಗೆ ಕಟ್ಟುವ ಖಾಸಗಿಯವರು ಇವರೆಲ್ಲ 'ಸರ್ಕಾರಿ' ಎಂಬ ಹಲಗೆ ತೂಗುಹಾಕಿಕೊಂಡು ಬರುತ್ತಾರೆ. ಹಲಗೆ ನೋಡಿ ಕಲಮು ಆರಿಸಬೇಡ, ಜಮೀನಿನ ಕಾಗದ ನೋಡು. ಕೊಲಾಬಾದಲ್ಲಿ 31 ಮಹಡಿ ಎದ್ದ ಆದರ್ಶ ಸೊಸೈಟಿಯ ಕತೆ ನಿನಗೆ ಗೊತ್ತು. ಕರಾವಳಿ ನಿಯಮದ ಒಪ್ಪಿಗೆಯಿಲ್ಲವೆಂದು 2011ರಲ್ಲಿ ಪರಿಸರ ಸಚಿವಾಲಯ ಕೆಡವಲು ಹೇಳಿತು, 2016ರಲ್ಲಿ ಬಾಂಬೆ ಹೈಕೋರ್ಟೂ ಅದನ್ನೇ ಹೇಳಿತು, ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಅಷ್ಟು ದೊಡ್ಡ ದೊಡ್ಡವರ ಸಹಿ ಇದ್ದ ಕಡತ ಅದು. ಇರಬೇಕಾಗಿದ್ದ ಸಹಿ ಇರಲಿಲ್ಲ.

ಈಗ ಯೋಜನಾ ಪ್ರಾಧಿಕಾರ ಎಂದೆನಲ್ಲ, ಅದು ಯಾರು? ಮುಂಬಯಿಯಲ್ಲಿ ಹೊಸಬರು ಎಡವುವುದು ಇಲ್ಲೇ. ಸಾಮಾನ್ಯವಾಗಿ ಬೃಹನ್ಮುಂಬಯಿ ಮಹಾನಗರಪಾಲಿಕೆ. ಅಲ್ಲಿ ಬಿಲ್ಡಿಂಗ್ ಪ್ರಪೋಸಲ್ ಇಲಾಖೆ ಇದೆ, ನಗರಕ್ಕೆ ಬೇರೆ, ಪೂರ್ವ ಉಪನಗರಕ್ಕೆ ಬೇರೆ, ಪಶ್ಚಿಮ ಉಪನಗರಕ್ಕೆ ಬೇರೆ. ಈಗಿನ ನಿಯಮಾವಳಿ ಡಿಸಿಪಿಆರ್ 2034, ಅದು 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ನಾನು ಕೆಲಸ ಮಾಡಿದ್ದು 1991ರ ನಿಯಮಾವಳಿಯಲ್ಲಿ, ಹಾಗಾಗಿ ಕಲಮುಗಳ ನಂಬರನ್ನು ನನ್ನಿಂದ ಕೇಳಬೇಡ, ಪುಸ್ತಕ ತೆಗೆದು ನೋಡು. ಆದರೆ ಊರಿನ ಎಲ್ಲ ನೆಲವೂ ಪಾಲಿಕೆಯ ಕೈಯಲ್ಲಿಲ್ಲ. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ ವಿಶೇಷ ಯೋಜನಾ ಪ್ರಾಧಿಕಾರ ಎಂಎಂಆರ್‌ಡಿಎ. ಮರೋಳದ ಕೈಗಾರಿಕಾ ವಲಯದಲ್ಲಿ ಎಂಐಡಿಸಿ. ಝೋಪಡಪಟ್ಟಿ ಪುನರ್ವಸತಿ ಯೋಜನೆಯಲ್ಲಿ ಎಸ್‌ಆರ್‌ಎ. 2018ರಿಂದ ರಾಜ್ಯದ ವಸತಿ ಪ್ರಾಧಿಕಾರ ಮ್ಹಾಡಾದ ಕಾಲನಿಗಳಿಗೆ ಮ್ಹಾಡಾವೇ. ಬಂದರಿನ ಜಮೀನಿಗೆ ಬಂದರು ಪ್ರಾಧಿಕಾರ, ಮೊದಲು ಪೋರ್ಟ್ ಟ್ರಸ್ಟು ಎನ್ನುತ್ತಿದ್ದದ್ದು. ಬಾಂದ್ರಾ ಪೂರ್ವದಲ್ಲಿ ಹೆದ್ದಾರಿ ಪಕ್ಕ ನಿಂತು ನೋಡಿದರೆ ಒಂದು ಕಡೆ ಗವರ್ನ್‌ಮೆಂಟ್ ಕಾಲನಿ, ಜಿಲ್ಲಾಧಿಕಾರಿ ಕಚೇರಿ, ಇನ್ನೊಂದು ಕಡೆ ಕಲಾನಗರ ದಾಟಿದರೆ ಬಿಕೆಸಿ. ಒಂದೇ ಪಿನ್‌ಕೋಡು, ನಕ್ಷೆ ಹೋಗಬೇಕಾದ ಟೇಬಲ್ಲು ಬೇರೆ ಬೇರೆ.

ಜಮೀನು ಯಾರದೆಂಬುದು ಎಷ್ಟು ದೊಡ್ಡ ಸಂಗತಿ ಎಂದು ತಿಳಿಯಬೇಕಿದ್ದರೆ ಬಿಡಿಡಿ ಚಾಳುಗಳನ್ನು ನೋಡು. 1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಟ್ಟಿದ 207 ಚಾಳುಗಳು, ವರ್ಳಿ, ನಾಯ್ಗಾಂವ್, ಎನ್.ಎಂ. ಜೋಶಿ ಮಾರ್ಗ, ಶಿವಡಿ ಹೀಗೆ ನಾಲ್ಕು ಕಡೆ. ಎಲ್ಲ ಒಂದೇ ಅಚ್ಚು, ಒಂದೇ ವಯಸ್ಸು, ಗೋಡೆಗಳ ಸೋರಿಕೆಯೂ ಒಂದೇ. ಮ್ಹಾಡಾದ ಕೈಯಲ್ಲಿ ಪುನರ್ನಿರ್ಮಾಣ ನಡೆದು 2025ರ ಆಗಸ್ಟಿನಲ್ಲಿ ವರ್ಳಿಯ ಮೊದಲ 556 ಮನೆಗಳ ಬೀಗದ ಕೈ ಕೊಟ್ಟರು. ಶಿವಡಿಯವರು ಮಾತ್ರ ಆ ಯೋಜನೆಯ ಹೊರಗೇ ಉಳಿದರು. ಯಾಕೆ? ಕಟ್ಟಡ ರಾಜ್ಯದ್ದು, ಕೆಳಗಿನ ನೆಲ ಪೋರ್ಟ್ ಟ್ರಸ್ಟಿನದು, ಅಂದರೆ ಕೇಂದ್ರದ್ದು. ಅದಕ್ಕೇ ನಿನ್ನ ಮೊದಲ ಕೆಲಸ ಪೆನ್ಸಿಲ್ ಹಿಡಿಯುವುದಲ್ಲ. ಪ್ರಾಪರ್ಟಿ ಕಾರ್ಡು ತರಿಸು, ಸಿಟಿ ಸರ್ವೆಯ ಸಿಟಿಎಸ್ ನಂಬರು ನೋಡು, ಅಭಿವೃದ್ಧಿ ಯೋಜನೆಯ ಡಿಪಿ ರಿಮಾರ್ಕ್ ತೆಗೆ. ಆ ಜಾಗದ ಮೇಲೆ ಆಟದ ಮೈದಾನದ ಮೀಸಲಾತಿ ಇದೆಯೇ, ರಸ್ತೆ ಅಗಲೀಕರಣದ ಗೆರೆ ಹಾಯುತ್ತದೆಯೇ, ಎಲ್ಲ ಅದರಲ್ಲಿ ಇರುತ್ತದೆ.

ಇಲಾಖೆಯ ಒಳಗಿನ ದಾರಿ ನಿನಗೆ ಬೇಗ ರೂಢಿಯಾಗುತ್ತದೆ, ಅದಕ್ಕೆ ಹೆಚ್ಚು ಹೇಳುವುದಿಲ್ಲ. ರಾಜ್ಯದ ಕಟ್ಟಡವಾದರೆ ಪಿಡಬ್ಲ್ಯುಡಿ, ಅಂದರೆ ಸಾರ್ವಜನಿಕ್ ಬಾಂಧಕಾಮ್ ವಿಭಾಗ. ಅವರ ಮುಖ್ಯ ವಾಸ್ತುಶಿಲ್ಪಿಯ ಕಚೇರಿ ನಕ್ಷೆ ಮಾಡುತ್ತದೆ ಅಥವಾ ಹೊರಗಿನ ಆರ್ಕಿಟೆಕ್ಟ್ ಮಾಡಿದ್ದನ್ನು ನೋಡುತ್ತದೆ. ಕೇಂದ್ರದ್ದಾದರೆ ಸಿಪಿಡಬ್ಲ್ಯುಡಿ. ಕಟ್ಟಡ ಬೇಕೆಂದ ಇಲಾಖೆ ಆಡಳಿತಾತ್ಮಕ ಅನುಮೋದನೆ ಕೊಡಬೇಕು, ಹಣ ಎಲ್ಲಿಂದ ಎಂಬುದು ಅಲ್ಲಿ ತೀರ್ಮಾನ. ಎಂಜಿನಿಯರು ತಾಂತ್ರಿಕ ಮಂಜೂರಾತಿ ಕೊಡಬೇಕು, ಕಂಬ ತೊಲೆ ಲೆಕ್ಕ ಸರಿಯಿದೆಯೇ ಎಂಬುದು ಅಲ್ಲಿ. ಈ ಎರಡನ್ನೂ ಕಲಸಿಬಿಡಬೇಡ. ಮಂತ್ರಿಗಳು ಒಪ್ಪಿದ್ದಾರೆ ಎಂದರೆ ದುಡ್ಡಿಗೆ ಒಪ್ಪಿದ್ದಾರೆ ಎಂದರ್ಥ, ತೊಲೆಗೆ ಒಪ್ಪಿದ್ದಾರೆ ಎಂದಲ್ಲ.

ನಾನು ನಿಂತು ಹೇಳಬೇಕಾದದ್ದು ಅಗ್ನಿಶಾಮಕದವರ ಸಹಿಯ ಬಗ್ಗೆ.

2012ರ ಜೂನ್ 21, ಮಧ್ಯಾಹ್ನ, ಮಂತ್ರಾಲಯ ಹೊತ್ತಿಕೊಂಡಿತು. ನೀನಾಗ ಶಾಲೆಗೆ ಹೋಗುತ್ತಿದ್ದೆ. ನಾಲ್ಕನೇ ಮಹಡಿಯಲ್ಲಿ ಹುಟ್ಟಿದ ಬೆಂಕಿ ಐದು, ಆರಕ್ಕೆ ಏರಿತು. ಐದು ಜನ ತೀರಿಕೊಂಡರು. ರಾಜ್ಯದ ಮುಖ್ಯಮಂತ್ರಿ ಕೂರುವ ಕಟ್ಟಡ ಅದು, ಊರಿಗೆಲ್ಲ ಕಟ್ಟಡದ ನಿಯಮ ಬರೆಯುವ ನಗರಾಭಿವೃದ್ಧಿ ಇಲಾಖೆ ಇದ್ದದ್ದೂ ಅದರೊಳಗೇ. ಮಹಾರಾಷ್ಟ್ರದ ಅಗ್ನಿ ತಡೆ ಮತ್ತು ಜೀವರಕ್ಷಣೆಯ ಕಾಯ್ದೆ 2006ರದ್ದು, ಅಂದರೆ ಬೆಂಕಿ ಬಿದ್ದಾಗ ಕಾಯ್ದೆ ಇತ್ತು. ಕಟ್ಟಡ 1955ರದು. ಆ ಕಾಲದ ನಕ್ಷೆಯಲ್ಲಿ ಗಾಳಿ ಬೆಳಕಿಗೆ ಬಿಟ್ಟ ಜಾಗಗಳು ಇರುತ್ತಿದ್ದವು. ದಶಕಗಳು ಕಳೆದ ಹಾಗೆ ಇಂಥ ಕಚೇರಿಗಳಲ್ಲೆಲ್ಲ ಮರದ ಪಾರ್ಟಿಷನ್ ಬರುತ್ತದೆ, ಫಾಲ್ಸ್ ಸೀಲಿಂಗ್ ಬರುತ್ತದೆ, ಅದರ ಮೇಲೆ ಕೇಬಲಿನ ಗಂಟು, ಕೆಳಗೆ ಕಡತದ ರಾಶಿ. ಇವು ಯಾವುವೂ ಮೂಲ ನಕ್ಷೆಯಲ್ಲಿ ಇರುವುದಿಲ್ಲ. ಇವನ್ನು ಯಾರೂ 'ಕಟ್ಟಡ ಕೆಲಸ' ಎನ್ನುವುದೇ ಇಲ್ಲ. ಇಂಟೀರಿಯರ್ ಎನ್ನುತ್ತಾರೆ, ರಿಪೇರಿ ಎನ್ನುತ್ತಾರೆ. ನೀನು ಹಾಗೆನ್ನಬೇಡ. ಜನ ಹೊರಗೆ ಓಡುವ ದಾರಿಯ ಮೇಲೆ ಒಂದು ಪ್ಲೈವುಡ್ ಹಲಗೆ ನಿಲ್ಲಿಸುವುದಾದರೂ ಅಗ್ನಿಶಾಮಕದ ಮುಖ್ಯಾಧಿಕಾರಿಗೆ ತೋರಿಸು.

ಇನ್ನೊಂದು ಬೆಂಕಿ ಮರೋಳದ್ದು. 2018ರ ಡಿಸೆಂಬರ್ 17, ಇಎಸ್‌ಐಸಿ ಕಾಮ್‌ಗಾರ್ ಆಸ್ಪತ್ರೆ. ಕೇಂದ್ರದ ಸಂಸ್ಥೆ, ಎಂಐಡಿಸಿ ವಲಯ, ಒಂದು ಕಡೆ ಕಟ್ಟಡದ ಕೆಲಸ ನಡೆಯುತ್ತಿತ್ತು, ಇನ್ನೊಂದು ಕಡೆ ರೋಗಿಗಳು ಮಲಗಿದ್ದರು. ಎಂಟಕ್ಕೂ ಹೆಚ್ಚು ಜನ ಸತ್ತರು. ಕಟ್ಟಡಕ್ಕೆ ಅಂತಿಮ ಅಗ್ನಿ ಎನ್‌ಒಸಿ ಸಿಕ್ಕಿರಲಿಲ್ಲ ಎಂದು ಎಂಐಡಿಸಿಯ ಅಧಿಕಾರಿಗಳು ಹೇಳಿದ್ದು ಆಗಿನ ಪತ್ರಿಕೆಗಳಲ್ಲೆಲ್ಲ ಬಂತು. ಗಮನಿಸು, ಇಲ್ಲಿ ಸಹಿ ಹಾಕಬೇಕಾದವರು ಇದ್ದರು, ಅವರು ಹಾಕಿರಲಿಲ್ಲ. ಆದರೂ ಹಾಸಿಗೆಗಳು ತುಂಬಿದ್ದವು. ಆ ದಿನ ಸಂಜೆ ಟಿವಿಯಲ್ಲಿ ಜನ ಕಿಟಕಿಯಿಂದ ಹಗ್ಗ ಹಿಡಿದು ಇಳಿಯುವುದನ್ನು ನೋಡಿ ನನಗೆ ಊಟ ಸೇರಲಿಲ್ಲ. ತಾತ್ಕಾಲಿಕ ಎನ್‌ಒಸಿ ಬೇರೆ, ಅಂತಿಮ ಎನ್‌ಒಸಿ ಬೇರೆ. ಮೊದಲನೆಯದು ಕಟ್ಟಲಿಕ್ಕೆ, ಎರಡನೆಯದು ಜನ ಒಳಗೆ ಕಾಲಿಡಲಿಕ್ಕೆ. ಒಳಗೆ ಜನ ಸೇರಿದ ಮೇಲೂ ಪ್ರತಿ ಜನವರಿ ಮತ್ತು ಜುಲೈಯಲ್ಲಿ ಅಗ್ನಿ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂದು ಲೈಸೆನ್ಸ್ ಪಡೆದ ಏಜೆನ್ಸಿ ಫಾರ್ಮ್ ಬಿ ಕೊಡಬೇಕು. ಕಟ್ಟಡ ಒಪ್ಪಿಸುವಾಗ ಆ ಮಾತನ್ನು ಬಳಸುವ ಇಲಾಖೆಗೆ ಬರೆದು ತಿಳಿಸು.

ಉದ್ಘಾಟನೆಯ ದಿನಾಂಕ ಇದೆಯಲ್ಲ, ಅದು ಸರ್ಕಾರಿ ಕಟ್ಟಡದ ದೊಡ್ಡ ಶತ್ರು. ಆಮಂತ್ರಣ ಅಚ್ಚಾಗಿರುತ್ತದೆ, ಶಾಮಿಯಾನ ಎದ್ದಿರುತ್ತದೆ, ಹೂವಿನ ಹಾರ ಬಂದಿರುತ್ತದೆ, ಒಸಿ ಬಂದಿರುವುದಿಲ್ಲ. ನನಗೊಮ್ಮೆ ಒಂದು ಕಚೇರಿಯಲ್ಲಿ, ಹೆಸರು ಬೇಡ, ಮೆಟ್ಟಿಲಿನ ಮುಂದಿನ ಲಾಬಿಯಲ್ಲಿ ದೊಡ್ಡ ಸಾಹೇಬರಿಗೊಂದು ಕ್ಯಾಬಿನ್ ತೋರಿಸಿಬಿಡು ಎಂದು ಬಾಯಿಮಾತಿನಲ್ಲಿ ಹೇಳಿದರು. ಸಾಯಂಕಾಲ ನಮ್ಮ ಆರ್ಕಿಟೆಕ್ಟ್ ಸಾಹೇಬರು ಒಂದು ಪುಟದ ಪತ್ರ ಬರೆದು ಕಳಿಸಿದರು: ಇಂದಿನ ಚರ್ಚೆಯಂತೆ ಲಾಬಿಯಲ್ಲಿ ಕ್ಯಾಬಿನ್ ತೋರಿಸಲು ಸೂಚಿಸಿದ್ದೀರಿ, ಅದರಿಂದ ತುರ್ತು ನಿರ್ಗಮನದ ಅಗಲ ಕಡಿಮೆಯಾಗುತ್ತದೆ, ಲಿಖಿತ ಆದೇಶ ಕೊಟ್ಟರೆ ಅಗ್ನಿಶಾಮಕದವರ ಮುಂದಿಡುತ್ತೇವೆ. ಲಿಖಿತ ಆದೇಶ ಬರಲೇ ಇಲ್ಲ, ಕ್ಯಾಬಿನ್ನೂ ಬರಲಿಲ್ಲ. ನಮ್ಮ ಸಾಹೇಬರು ಜಗಳ ಆಡಲಿಲ್ಲ, ಧ್ವನಿ ಏರಿಸಲಿಲ್ಲ. ನಿನಗೂ ಇಂಥ ಬಾಯಿಮಾತು ಬರುತ್ತದೆ ಮಾರಾಯ್ತಿ, ಅದೇ ದಿನ ಬರೆದುಬಿಡು.

ಪರಂಪರೆಯ ಸಹಿಗೆ ಬರೋಣ. ಮುಂಬಯಿಯ ಫೋರ್ಟ್ ಪ್ರದೇಶದ ಎಷ್ಟೋ ಸರ್ಕಾರಿ ಕಚೇರಿಗಳು ಪಾರಂಪರಿಕ ಪಟ್ಟಿಯಲ್ಲಿರುವ ಕಟ್ಟಡಗಳು. 1995ರಲ್ಲಿ ಇಲ್ಲಿ ಪರಂಪರೆಯ ನಿಯಮ ಬಂತು, ದೇಶದಲ್ಲೇ ಮೊದಲು. ಹೈಕೋರ್ಟು, ಹಳೆಯ ಸೆಕ್ರೆಟರಿಯೇಟು, ಪಾಲಿಕೆಯ ಸ್ವಂತ ಮುಖ್ಯ ಕಚೇರಿ, ಇಂಥವುಗಳ ಗೋಡೆಗೆ ಕೈ ಹಚ್ಚುವುದಾದರೆ ಮುಂಬಯಿ ಪರಂಪರೆ ಸಂರಕ್ಷಣಾ ಸಮಿತಿಯ ಸಲಹೆ ಪಡೆದು ಪಾಲಿಕೆ ಆಯುಕ್ತರು ಒಪ್ಪಬೇಕು. ಓವಲ್ ಮೈದಾನದ ಎರಡು ಬದಿಯ ಗಾಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳ ಸಾಲು 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, ಸಿಎಸ್‌ಎಂಟಿ ರೈಲು ನಿಲ್ದಾಣ ಅದಕ್ಕೂ ಮೊದಲು 2004ರಲ್ಲಿ. ಎ.ಸಿ.ಯ ಹೊರಘಟಕ ಎಲ್ಲಿ ತೂಗಬೇಕು ಎಂಬುದೂ ಅಲ್ಲಿ ಪ್ರಶ್ನೆಯೇ.

ಸಿಎಸ್‌ಎಂಟಿ ಪಕ್ಕದ ದೊಡ್ಡ ಅಂಚೆ ಕಚೇರಿ ಜಿಪಿಒಗೆ ಒಂದು ಮಧ್ಯಾಹ್ನ ಸುಮ್ಮನೆ ಹೋಗಿ ಬಾ. ಒಳಗಿನ ಹಾಲಿನಲ್ಲಿ ನಿಂತು ತಲೆ ಎತ್ತಿ ನೋಡು. ನಮ್ಮ ಬಿಜಾಪುರದ ಗೋಲಗುಮ್ಮಟವನ್ನು ಮನಸ್ಸಿನಲ್ಲಿಟ್ಟುಕೊಂಡು ಜಾನ್ ಬೆಗ್ ಆ ಗುಮ್ಮಟ ಬರೆದರು, 1913ರಲ್ಲಿ ಕಟ್ಟಡ ಮುಗಿಯಿತು. ಬೆಗ್ ಸರ್ಕಾರದ ಸಲಹಾ ವಾಸ್ತುಶಿಲ್ಪಿಯಾಗಿದ್ದವರು. ಬಿಜಾಪುರ ಆಗ ಮುಂಬಯಿ ಪ್ರಾಂತ್ಯದಲ್ಲೇ ಇತ್ತು. ಆಗಲೂ ಆತುರ ಇರಲಿಲ್ಲವೆಂದಲ್ಲ. ಐದನೇ ಜಾರ್ಜ್ ದೊರೆ 1911ರ ಡಿಸೆಂಬರಿನಲ್ಲಿ ಬಂದಿಳಿದಾಗ ಗೇಟ್‌ವೇ ಆಫ್ ಇಂಡಿಯಾದ ಜಾಗದಲ್ಲಿದ್ದದ್ದು ರಟ್ಟಿನ ಮಾದರಿ. ಜಾರ್ಜ್ ವಿಟೆಟ್ ಅವರ ಅಂತಿಮ ನಕ್ಷೆಗೆ ಒಪ್ಪಿಗೆ ಸಿಕ್ಕಿದ್ದು 1914ರಲ್ಲಿ, ಕಮಾನು ಪೂರ್ತಿಯಾದದ್ದು 1924ರಲ್ಲಿ. ಸ್ವತಃ ಚಕ್ರವರ್ತಿಯ ಸ್ವಾಗತಕ್ಕೆಂದು ಯೋಚಿಸಿದ ಕಟ್ಟಡವೂ ನಕ್ಷೆ ಗಟ್ಟಿಯಾಗುವ ತನಕ ಕಾದಿತು.

ಉಳಿದ ಎನ್‌ಒಸಿಗಳನ್ನು ಓಡುತ್ತಾ ಹೇಳಿಬಿಡುತ್ತೇನೆ. ಸಾಂತಾಕ್ರೂಜ್, ಜುಹು ಸುತ್ತಮುತ್ತ ಎತ್ತರಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರ. ಸಮುದ್ರ, ಖಾಡಿ ಹತ್ತಿರವಾದರೆ ಕರಾವಳಿ ವಲಯ ಪ್ರಾಧಿಕಾರ. ಮರ ಕಡಿಯುವುದಾದರೆ 1975ರ ಕಾಯ್ದೆಯಂತೆ ವೃಕ್ಷ ಪ್ರಾಧಿಕಾರ. ಆರೆ ಕಾಲನಿಯಲ್ಲಿ 2019ರ ಅಕ್ಟೋಬರಿನಲ್ಲಿ ಮೆಟ್ರೊ ಕಾರ್‌ಶೆಡ್ಡಿಗಾಗಿ ರಾತ್ರೋರಾತ್ರಿ ಮರ ಬಿದ್ದಾಗ ಊರು ಹೇಗೆ ಎದ್ದು ನಿಂತಿತು ಎಂಬುದನ್ನು ನೀನೇ ಕಂಡಿದ್ದೀಯ.

ಆದರೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯನ್ನು ಓಡುತ್ತಾ ಹೇಳಲಾರೆ. ಅದರ 44ನೇ ಕಲಮು ನೇರ ನಿನಗೇ ಬರೆದ ಹಾಗಿದೆ: ಸುಗಮ ಪ್ರವೇಶದ ನಿಯಮಕ್ಕೆ ಹೊಂದದ ನಕ್ಷೆಗೆ ಯಾವ ಸಂಸ್ಥೆಗೂ ಕಟ್ಟಡದ ಅನುಮತಿ ಕೊಡಕೂಡದು, ಕಟ್ಟಡ ಮುಗಿದ ಪ್ರಮಾಣಪತ್ರವನ್ನೂ ಕೊಡಕೂಡದು. ಇಳಿಜಾರಿನ ರ‍್ಯಾಂಪನ್ನು ಕೊನೆಗೆ ತಂದು ಬಾಗಿಲಿನ ಪಕ್ಕ ಅಂಟಿಸುವುದು ನಮ್ಮ ಆಫೀಸುಗಳ ಹಳೆಯ ಚಾಳಿ. ಗಾಲಿಕುರ್ಚಿಯವರು ತಾವಾಗಿ ಹತ್ತಲಾರದಷ್ಟು ಕಡಿದಾಗಿ ಅದು ನಿಂತಿರುತ್ತದೆ. ನಕ್ಷೆಯಲ್ಲಿ ಮಾತ್ರ 'ರ‍್ಯಾಂಪ್' ಎಂದು ಬರೆದಿರುತ್ತದೆ, ಸಹಿಯೂ ಬಿದ್ದಿರುತ್ತದೆ.

ಪಾಲಿಕೆಯ ಸ್ವಂತ ಕಟ್ಟಡಗಳದ್ದು ಇನ್ನೊಂದು ಕಷ್ಟ. ಶಾಲೆ ಕಟ್ಟುವವರೂ ಪಾಲಿಕೆ, ನಕ್ಷೆ ನೋಡುವವರೂ ಪಾಲಿಕೆ, ಅಗ್ನಿಶಾಮಕವೂ ಪಾಲಿಕೆಯದೇ. ಅಡುಗೆ ಮಾಡಿದವಳೇ ಉಪ್ಪು ನೋಡಿದ ಹಾಗೆ. ಸ್ಥಾಯಿ ಸಮಿತಿಯಲ್ಲಿ ಟೆಂಡರು ಬಂದಾಗ ನಗರಸೇವಕರು ನಾಲ್ಕು ಮಾತು ಕೇಳುವುದಿತ್ತು. 2022ರ ಮಾರ್ಚಿನಿಂದ ವರ್ಷಗಟ್ಟಲೆ ಅವರೂ ಇಲ್ಲದೆ ಆಡಳಿತಾಧಿಕಾರಿಯ ಕೈಯಲ್ಲೇ ಎಲ್ಲ ನಡೆಯಿತು. ಇಂಥ ಕಡೆ ನೀನು ಕಾನೂನು ಕೇಳದ ಒಂದು ಸಹಿಯನ್ನು ಕೇಳಿ ಪಡೆಯಬೇಕು: ಆ ಕಟ್ಟಡದಲ್ಲಿ ದಿನ ಕಳೆಯುವವರ ಸಹಿ.

ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಒಂದೇ ಕಟ್ಟಡದಲ್ಲಿ ಕೆಳಗೆ ಮರಾಠಿ, ಮೇಲೆ ಉರ್ದು, ಅದರ ಮೇಲೆ ಕನ್ನಡ ಹೀಗೆ ಇರುತ್ತವೆ. ಅಂಥದೊಂದು ಶಾಲೆಯ ಹೊಸ ಕಟ್ಟಡದ ನಕ್ಷೆಯನ್ನು ಕನ್ನಡ ವಿಭಾಗದ ಹೆಡ್‌ಟೀಚರಮ್ಮನ ಮೇಜಿನ ಮೇಲೆ ಹರಡಿದ್ದೆ. ಅವರಿಗೆ ಗೆರೆ ಓದಲು ಬಾರದು ಎಂದುಕೊಂಡು ವಿವರಿಸತೊಡಗಿದೆ: ಹೊಸ ಕೆಲಸಕ್ಕೆ ಕೆಂಪು, ಕೆಡವುವುದಕ್ಕೆ ಹಳದಿ ಗೆರೆ. ಅವರು ಕನ್ನಡಕ ಏರಿಸಿಕೊಂಡು, ಕೆಂಪು ಗೆರೆಗಳ ನಡುವೆ ಶೌಚಾಲಯದ ಬಾಗಿಲ ಮೇಲೆ ಬೆರಳಿಟ್ಟರು. "ಇದು ಕಾರಿಡಾರಿಗೆ ತೆರೆಯುತ್ತದಾ? ಖಿಚಡಿ ಬಡಿಸುವಾಗ ಮಕ್ಕಳ ಸಾಲು ಇಲ್ಲೇ ನಿಲ್ಲುತ್ತದೆ. ಒಳಗಿನವರು ಬಾಗಿಲು ತಳ್ಳಿದರೆ ಬಿಸಿ ತಟ್ಟೆ ಹಿಡಿದ ಮಗುವಿಗೆ ಬಡಿಯುತ್ತದೆ." ಆಮೇಲೆ ಕೈತೊಳೆಯುವ ನಲ್ಲಿಗಳನ್ನು ಎಣಿಸಿದರು, ನಲ್ಲಿಯ ಎತ್ತರ ಕೇಳಿದರು, ಒಂದನೇ ಕ್ಲಾಸಿನ ಹುಡುಗನೊಬ್ಬನನ್ನು ಕರೆದು ಗೋಡೆಗೆ ನಿಲ್ಲಿಸಿ ಅವನ ಕೈ ಎಲ್ಲಿಗೆ ಮುಟ್ಟುತ್ತದೆ ಎಂದು ತೋರಿಸಿದರು. ನಮ್ಮ ನಲ್ಲಿ ಅವನ ಹಣೆಯ ಮಟ್ಟಕ್ಕಿತ್ತು. ಎಲ್ಲ ಎಂಜಿನಿಯರುಗಳ ಕಣ್ಣು ತಪ್ಪಿಸಿಕೊಂಡು ಬಂದಿದ್ದ ನಕ್ಷೆ ಅದು. ಬಾಗಿಲು ತಿರುಗಿಸಿದೆವು, ನಲ್ಲಿ ಇಳಿಸಿದೆವು. ಕೆಳಗೆ ಆಕೆಯ ಸಹಿಯನ್ನೂ ಹಾಕಿಸಿಕೊಂಡೆವು, ಯಾರೂ ಕೇಳಿರಲಿಲ್ಲ.

ನಿನಗೆ ಆಸ್ಪತ್ರೆಯ ಕೆಲಸ ಬಂದರೆ ಡೀನ್ ಒಬ್ಬರನ್ನೇ ಕೇಳಿ ಬರಬೇಡ. ರಾತ್ರಿ ಪಾಳಿಯ ಸಿಸ್ಟರನ್ನೂ ಸ್ಟ್ರೆಚರ್ ತಳ್ಳುವ ವಾರ್ಡ್‌ಬಾಯನ್ನೂ ಕೇಳು. ಪೊಲೀಸ್ ಠಾಣೆಯಾದರೆ ಹೆಂಗಸರು ದೂರು ಕೊಡಲು ಎಲ್ಲಿ ಕೂರುತ್ತಾರೆ ಎಂದು ಮಹಿಳಾ ಕಾನ್‌ಸ್ಟೇಬಲನ್ನು ಕೇಳು. ಇದಕ್ಕೆ ಯಾವ ಕಲಮೂ ಇಲ್ಲ, ಯಾರೂ ತಡೆಯುವುದೂ ಇಲ್ಲ.

ದೊಡ್ಡವರ ಇಷ್ಟದಿಂದಲೂ ದೊಡ್ಡ ಕಟ್ಟಡ ಆಗಿದೆಯಲ್ಲ ಎಂದು ನೀನು ವಾದ ಹೂಡುವೆ, ಗೊತ್ತು. ಬೆಂಗಳೂರಿನ ವಿಧಾನಸೌಧಕ್ಕೆ 1951ರಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದಾಗ ಇದ್ದ ನಕ್ಷೆ ಬೇರೆ. ಆಮೇಲೆ ಬಂದ ಕೆಂಗಲ್ ಹನುಮಂತಯ್ಯನವರು ಅದನ್ನು ಬದಲಿಸಿ, ಬಿ.ಆರ್. ಮಾಣಿಕ್ಯಂ ಅವರಿಂದ ಇವತ್ತು ನಾವು ಕಾಣುವ ಕಲ್ಲಿನ ವೈಭವ ಕಟ್ಟಿಸಿದರು. ಒಬ್ಬ ಮುಖ್ಯಮಂತ್ರಿಯ ಹಟ ಅದು, ನಾನೂ ಅದರ ಮುಂದೆ ನಿಂತು ಕೈಮುಗಿದವನೇ. ಆದರೆ ಹನುಮಂತಯ್ಯನವರ ಜೊತೆ ಸಾವಿರಾರು ಕೈಗಳ ಕಸುಬು ಇತ್ತು, ಕಂಬಕಂಬವನ್ನೂ ಬಲ್ಲ ಎಂಜಿನಿಯರು ಇದ್ದರು. ನಿನ್ನ ಟೇಬಲ್ಲಿಗೆ ಬರುವ ಹೆಚ್ಚಿನ ಹಟಗಳು ಎಲಿವೇಷನ್ನಿನ ಗಾಜಿಗೆ, ಸಾಹೇಬರ ಆಂಟಿಚೇಂಬರಿಗೆ ಸಂಬಂಧಿಸಿದವು.

ನೀನು ಹೇಳಿದ ಆ ಬಾಂದ್ರಾ ಪೂರ್ವದ ಕಟ್ಟಡದ ಡಿಪಿ ರಿಮಾರ್ಕ್ ಬಂದ ಕೂಡಲೇ ನನಗೊಂದು ಫೋಟೊ ಕಳಿಸು, ಮೀಸಲಾತಿಯ ಬಣ್ಣ ನೋಡಿ ಹೇಳುತ್ತೇನೆ. 58ನೇ ಕಲಮಿನ ಪತ್ರ ಹೋಗುವಾಗ ನಕ್ಷೆಯ ಎಲ್ಲ ಹಾಳೆಗಳ ಪಟ್ಟಿಯನ್ನೂ ಪತ್ರದಲ್ಲೇ ಬರೆಸು, ಹಾಳೆಯ ನಂಬರು ಮತ್ತು ತಿದ್ದುಪಡಿಯ ನಂಬರು ಸಹಿತ. ಇಲ್ಲದಿದ್ದರೆ ನಾಳೆ ಯಾವ ನಕ್ಷೆ ತೋರಿಸಿದ್ದು, ಯಾವುದು ಕಟ್ಟಿದ್ದು ಎಂದು ತಿಳಿಯದೆ ಹೋಗುತ್ತದೆ. 30 ದಿನದ ಲೆಕ್ಕ ಪತ್ರದ ತಾರೀಕಿನಿಂದ ಹಿಡಿಯಬೇಡ, ಅದು ಅವರಿಗೆ ತಲುಪಿದ ದಿನದಿಂದ ಹಿಡಿ. ಇನ್‌ವರ್ಡ್ ಕ್ಲರ್ಕಿನ ಸಿಕ್ಕಾ ಬಿದ್ದ ಪ್ರತಿಯೊಂದನ್ನು ಆಫೀಸಿನ ಫೈಲಿನಲ್ಲಿ ಹಾಕಿಸು, ಒಂದು ಜೆರಾಕ್ಸ್ ನಿನ್ನ ಬಳಿಯೇ ಇರಲಿ.

ಪ್ರೀತಿಯ
ದೊಡ್ಡಪ್ಪ